ಇಪ್ಪತ್ತಮೂರನೇ ಕಂಟೇನರು

ಮೊದಲು ತಟ್ಟಿ ನೋಡು, ಆಮೇಲೆ ಬೆಲೆ ಕೇಳು
ಅಂದವನು ಮಾರುವವನೇ, ಆಶಿರ್‌ಬಾಯ್,
ಬಿಶ್ಕೆಕ್ಕಿನ ಹೊರಗೆ, ಬಿಡಿಭಾಗಗಳ ಸಂತೆಯಲ್ಲಿ,
ಇಪ್ಪತ್ತಮೂರನೇ ಕಂಟೇನರಿನ ಬಾಗಿಲಲ್ಲಿ
ಬೋರಲು ಹಾಕಿದ ಬ್ಯಾಟರಿ ಪೆಟ್ಟಿಗೆಯ ಮೇಲೆ ಕೂತು.

ನಾನು ಹೋದದ್ದು ಒಂದು ಗೇರಿಗೆ.
ಎಪ್ಪತ್ತೊಂಬತ್ತರ ಉವಾಜ್ ಜೀಪು,
ಸೈನ್ಯ ಕಳಚಿಕೊಂಡು ಪಶುವೈದ್ಯ ಇಲಾಖೆಗೆ ಕೊಟ್ಟದ್ದು,
ಇಲಾಖೆ ಕದ ಹಾಕಿದಾಗ
ಆರು ತಿಂಗಳ ಸಂಬಳದ ಬದಲು ನನ್ನ ಪಾಲಿಗೆ ಬಂದದ್ದು.
ಏರ್ ಫಿಲ್ಟರಿನಲ್ಲಿ ಗುಬ್ಬಿ ಸಂಸಾರ.
ಸೀಟಿನಲ್ಲಿ ಇಲಿ.
ಅದನ್ನೇ ಬೆಟ್ಟ ಹತ್ತಿಸುತ್ತೇನೆ ಅಂದಾಗ
ನಕ್ಕವರ ಕುರಿಗಳಿಗೂ ನಾನೇ ಸೂಜಿ ಚುಚ್ಚಬೇಕು.

ಹೊಸದು ಇದೆ. ರಾಶಿ ಇದೆ. ನೀಲಿ ಡಬ್ಬಿ, ಮಿರುಗುವ ಚೀಟಿ,
ಹಳೆಯ ಕಾರ್ಖಾನೆಯ ಮುದ್ರೆಯೂ ಇದೆ, ಅಚ್ಚುಕಟ್ಟಾಗಿ.
ತೀರಾ ಅಚ್ಚುಕಟ್ಟಾಗಿ.
ನಿಜದ ಮುದ್ರೆ ಯಾವತ್ತೂ ಸ್ವಲ್ಪ ಸೊಟ್ಟ, ಅಂದ ಆಶಿರ್‌ಬಾಯ್,
ಸಂಜೆ ಪಾಳಿಯವನು ಒತ್ತಿದ್ದು ಅದು,
ಮನೆಗೆ ಹೋಗುವ ಅವಸರದಲ್ಲಿ.

ದಾರಕ್ಕೆ ಕಟ್ಟಿ ತೂಗಿಬಿಟ್ಟು ಸ್ಪ್ಯಾನರಿನಿಂದ ತಟ್ಟಿದೆ.
ಠಪ್.
ಕುಂಬಳಕಾಯಿಯ ಸದ್ದು.
ಇನ್ನೊಂದು. ಠಪ್.
ಮೂರನೆಯದರ ಹಲ್ಲಿಗೆ ಅರ ಹಾಕಿದೆ:
ಬೆಲ್ಲದಚ್ಚಿನ ಹಾಗೆ ಉದುರಿತು.
ಮೇಲೆ ತಳುಕು, ಒಳಗೆ ಹುಳುಕು.
ಮತ್ತೆ ಇದನ್ನೆಲ್ಲ ಯಾರಿಗೆ ಮಾರುತ್ತೀ ಮಾರಾಯ?
ಬೆಲೆಯನ್ನೇ ಮೊದಲು ಕೇಳುವವರಿಗೆ.

ಪಿಯಾಲೆಗೆ ಚಹಾ ಬಗ್ಗಿಸುತ್ತ ಕೇಳಿದ: ಯಾವ ದಾರಿ?
ಮೋಲ್ದೋ ಆಶೂ ಹತ್ತಿ, ಕೆರೆದಡದ ಹುಲ್ಲಿಗೆ.
ಮೇ ಕೊನೆ. ತಿರುವುಗಳಲ್ಲಿ ಇನ್ನೂ ಹಿಮ ಇರುತ್ತದೆ.
ಹಿಂದೆ ಲಸಿಕೆಯ ಪೆಟ್ಟಿಗೆ, ಐಸು,
ನನ್ನ ತಂಗಿಯ ಮಗ, ಎಲ್ದಿಯಾರ್, ಹನ್ನೊಂದು ವರ್ಷ.

ಹಿಮ ಅಂದದ್ದಕ್ಕೋ ಹನ್ನೊಂದು ಅಂದದ್ದಕ್ಕೋ
ಚಹಾ ಅರ್ಧಕ್ಕೆ ಬಿಟ್ಟು ಎದ್ದ.

ಕಂಟೇನರಿನ ಹಿಂಬದಿಯ ಕತ್ತಲು ಬೇರೆಯದೇ ಅಂಗಡಿ.
ಅಲ್ಲಿ ಡಬ್ಬಿಗಳಿಲ್ಲ. ಮೇಣದ ಕಾಗದ, ಸೆಣಬಿನ ಹುರಿ,
ಗ್ರೀಸಿನ ಕಮಟು, ಪ್ರತಿ ಗಂಟಿಗೂ
ಪೆನ್ಸಿಲ್ಲಿನಲ್ಲಿ ಬರೆದ ಒಂದು ಚೀಟಿ.
ಟಾರ್ಚು ಹಿಡಿದು ಓದಿದೆ:
ಅತ್ ಬಾಶಿ. ಹಾಲಿನ ಗಾಡಿ. ನದಿಗೆ ಜಾರಿತು. ಡ್ರೈವರ್ ಬದುಕಿದ.
ತಲಾಸ್. ಅಗ್ನಿಶಾಮಕ. ಎಂಜಿನ್ ಸೀಳಿತು. ಆ್ಯಕ್ಸಲ್ ಗಟ್ಟಿ.
ಜುಮ್ಗಾಲ್. ಮದುವೆಗೆ ಹೊರಟದ್ದು. ಬುಶ್ ಮಾತ್ರ ಉಳಿಯಿತು.

ಒಳ್ಳೆಯ ಮಾಲು ಅಂದರೆ ಇಷ್ಟೇನೆ?
ಎಲ್ಲೋ ಒಂದು ಗಾಡಿ ನಿಂತಿತು ಅನ್ನುವುದು?

ಮೂಲೆಯಿಂದ ಒಂದು ಗಂಟು ತೆಗೆದ.
ಅದರ ಚೀಟಿಯನ್ನು ಬಿಚ್ಚಿ, ಮಡಿಸಿ,
ತನ್ನ ಅಂಗಿಯ ಒಳಜೇಬಿಗೆ ಇಟ್ಟುಕೊಂಡ.
ನಾನು ಕೇಳಲಿಲ್ಲ.
ತೂಗಿಬಿಟ್ಟು ತಟ್ಟಿದೆ:
ಠಣ್ಣ್‌
ಪಕ್ಕದ ಸಾಲಿನಲ್ಲಿ ಮಲಗಿದ್ದ ನಾಯಿ ತಲೆ ಎತ್ತಿತು.
ಅರ ಹಾಕಿದರೆ ಅರವೇ ಜಾರಿತು.
ಮುದ್ರೆ, ಹೌದು, ಸೊಟ್ಟ.

ಬೆಲೆ ಕೇಳಿ ಎದೆ ಧಸಕ್ಕೆಂದಿತು.
ಚೌಕಾಸಿ ಮಾಡಿದೆ. ನಾಚಿಕೆ ಆಯಿತು, ಆದರೂ ಮಾಡಿದೆ.
ಐನೂರು ಸೋಮ್ ಇಳಿಸಿದ,
ನನ್ನ ಚೀಲದ ಕುರುತ್ ಅಷ್ಟನ್ನೂ ಇಳಿಸಿಕೊಂಡ,
ಎರಡು ಕಂಚಿನ ಬುಶ್ ಮೇಲೆ ಹಾಕಿದ.
ಪ್ಲಾಸ್ಟಿಕ್ಕಿನದು ಕಟ್ಟಬೇಡ, ಅಂದ,
ಅದು ಊರೊಳಗಿನ ವೈಯಾರಕ್ಕೆ.

ಹಲ್ಲಿಗೆ ಹಲ್ಲು ಒಗ್ಗಲು ಒಂದು ವಾರ ಹಿಡಿಯಿತು.
ಈಗ ಏರಿನಲ್ಲಿ, ಎರಡನೇ ಗೇರಿನಲ್ಲಿ,
ಎಡ ಹಿಂದಿನ ಚಕ್ರದ ಗುಂಬದೊಳಗಿಂದ
ಸಣ್ಣಗೆ ಒಂದು ರಾಗ.
ನನ್ನ ಗಾಡಿಯ ದನಿಯಲ್ಲ, ಅದನ್ನು ನಾನು ಬಲ್ಲೆ.
ಏನದು ಸದ್ದು? ಎಲ್ದಿಯಾರ್ ಕೇಳುತ್ತಾನೆ.
ತಡೆದುಕೊಳ್ಳುವ ಸದ್ದು, ಅನ್ನುತ್ತೇನೆ,
ಆಚೆ ಇಣುಕಬೇಡ, ಐಸಿನ ಪೆಟ್ಟಿಗೆ ಹಿಡಿದುಕೋ.

ವೈಪರು ಇನ್ನೂ ಆಡುವುದಿಲ್ಲ.
ತಿರುವು ತಿರುವಿಗೂ ಕೈ ಹೊರಗೆ ಹಾಕಿ
ಬಟ್ಟೆಯಿಂದ ಗಾಜು ಒರೆಸುತ್ತೇನೆ.
ವೈಪರ್ ಮೋಟಾರಿಗೆ ಮಾತ್ರ ನನ್ನ ಹತ್ತಿರ ಬರಬೇಡ,
ಅಂದಿದ್ದ ಆಶಿರ್‌ಬಾಯ್,
ಅದು ಹೊಸದಿದ್ದಾಗಲೂ ಹಾಗೇ ಇತ್ತು.